ಹಾಡು ಬೇಕು, ಆದರೆ ಕಿವಿ ತಡೆಯುವುದಿಲ್ಲ

ಕುಕ್ಕರ್ ಸೀಟಿ, ದೇವಸ್ಥಾನದ ಜಾಗಟೆ, ಸ್ಟೀಲ್ ತಟ್ಟೆ ಬಿದ್ದ ಸದ್ದು: ಬೇರೆಯವರು ಗಮನಿಸದೆ ಬಿಡುವ ಇವು ಕೆಲವರಿಗೆ ಕಿವಿಯೊಳಗೆ ಸೂಜಿ ಆಡಿಸಿದಂತಾಗುತ್ತವೆ. ಅಂಥವರ ಮನೆಯಲ್ಲಿ ಸಂಗೀತವನ್ನೇ ನಿಲ್ಲಿಸಿಬಿಡಬೇಕೇ ಎಂದು ಕೇಳಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಶ್ರವಣ ಚಿಕಿತ್ಸೆ, ಸಂಗೀತ ಶಿಕ್ಷಣ, ಧ್ವನಿಮುದ್ರಣ ಬಲ್ಲವರು ಸೇರಿ ಉತ್ತರ ಬರೆದಿದ್ದಾರೆ.

ನಮ್ಮ ಮಗನಿಗೆ ಆರು ವರ್ಷ, ಆಟಿಸಂ ಇದೆ. ಅತ್ತೆಯವರು ಬೆಳಿಗ್ಗೆ ಮೊಬೈಲಿನಲ್ಲಿ ಸುಪ್ರಭಾತ ಹಾಕಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಬಚ್ಚಲುಮನೆಗೆ ಓಡುತ್ತಾನೆ. ಆದರೆ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದರೆ ಕದಲದೆ ನಿಂತು ನೋಡುತ್ತಾನೆ. ಮನೆಯಲ್ಲಿ ಎಲ್ಲರೂ ಹಟ ಅನ್ನುತ್ತಾರೆ. ಇವನಿಗೆ ಯಾವ ಸಂಗೀತ ಹಾಕಬಹುದು?
– ತಾಯಿ, ದಾವಣಗೆರೆ

ಹಟ ಖಂಡಿತ ಅಲ್ಲ. ಉತ್ತರದ ಅರ್ಧ ನಿಮ್ಮ ಪತ್ರದಲ್ಲೇ ಇದೆ. ಗಿರಣಿಯ ಸದ್ದು ದೊಡ್ಡದಾದರೂ ಒಂದೇ ಸಮ. ಮುಂದಿನ ಗಳಿಗೆಯಲ್ಲಿ ಏನು ಕೇಳಿಸುತ್ತದೆ ಎನ್ನುವುದು ಮಗುವಿಗೆ ಗೊತ್ತು. ಸುಪ್ರಭಾತ ಹಾಗಲ್ಲ. ಸದ್ದಿಲ್ಲದ ಮನೆಯಲ್ಲಿ ಒಮ್ಮೆಲೇ ಶುರುವಾಗುತ್ತದೆ, ನಡುವೆ ತಾಳ ಬಡಿಯುತ್ತದೆ, ಅದೂ ಮೊಬೈಲಿನ ಸ್ಪೀಕರಿನಿಂದ. ಬೆರಳಗಲದ ಆ ಸ್ಪೀಕರಿಗೆ ಮೃದಂಗದ ಎಡಗಡೆಯ ಗುಂಕಿಯನ್ನು ಹೊರಡಿಸುವ ಶಕ್ತಿ ಇಲ್ಲ. ಅದರಿಂದ ಹೊರಬರುವುದೆಲ್ಲ ಮೇಲಿನ ಚೂಪು ಸದ್ದೇ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಅಲ್ಲಿಯೇ, 2000ದಿಂದ 5000 ಹರ್ಟ್ಝ್ (ಸೆಕೆಂಡಿಗೆ ಅಷ್ಟು ಕಂಪನ) ನಡುವೆ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳ 3000 ಹರ್ಟ್ಝ್ ಆಸುಪಾಸಿನ ಸದ್ದನ್ನು ತಾನೇ ಹಿಗ್ಗಿಸಿ ಒಳಗೆ ಕಳಿಸುತ್ತದೆ.

ಇನ್ನೊಂದು ಕಾರಣವೂ ಇದೆ. ಜೋರು ಸದ್ದು ಬಂದಾಗ ಮಧ್ಯಕಿವಿಯ ಸ್ಟೇಪೀಡಿಯಸ್ ಎಂಬ ಪುಟ್ಟ ಸ್ನಾಯು ಬಿಗಿದುಕೊಂಡು ಒಳಕಿವಿಯನ್ನು ಕಾಯುತ್ತದೆ. ಅದು ಬಿಗಿಯಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಜಾಗಟೆಯ ಪೆಟ್ಟು ಒಳಗೆ ಹೋಗಿಯಾಗಿರುತ್ತದೆ. ಮೇಲಾಗಿ ಅದು ತಗ್ಗಿಸುವುದು ಹೆಚ್ಚಾಗಿ ಕೆಳಗಿನ ಸ್ವರಗಳನ್ನೇ. ಆದ್ದರಿಂದ ಶಾಂತವಾದ ರಾಗ ಯಾವುದು ಎಂದು ಹುಡುಕುವ ಮೊದಲು ಪೆಟ್ಟಿಲ್ಲದ, ಚೂಪಿಲ್ಲದ ನಾದ ಯಾವುದು ಎಂದು ಹುಡುಕಿ. ಜೋಗುಳದ ರಾಗವೆಂದೇ ಹೆಸರಾದ ನೀಲಾಂಬರಿಯನ್ನು ಜಲತರಂಗದಲ್ಲಿ ನುಡಿಸಿದರೂ ಪಿಂಗಾಣಿ ಬಟ್ಟಲಿನ ಟಣತ್ಕಾರ ಈ ಮಗುವಿಗೆ ಏಟೇ.

ತಂಬೂರಿಯೊಂದೇ ನುಡಿಯುವ ಧ್ವನಿಮುದ್ರಿಕೆಯಿಂದ ಶುರುಮಾಡಿ. ನಾಲ್ಕು ತಂತಿ, ಅದೇ ಸರದಿ, ಎಲ್ಲಿಯೂ ಅಚ್ಚರಿ ಇಲ್ಲ. ಗಂಡಸರು ಹಾಡುವ ತಗ್ಗಿನ ಒಂದು ಮನೆ ಶ್ರುತಿಯದನ್ನು ಆರಿಸಿ, ಹೆಂಗಸರ ಎತ್ತರದ ಐದು ಮನೆಯದು ಬೇಡ. ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ನೂಲೆಳೆ ಹುಟ್ಟಿಸುವ ಝೇಂಕಾರ ಕೆಲವು ಮಕ್ಕಳಿಗೆ ತುಂಬ ಹಿತ, ಕೆಲವರಿಗೆ ಕಿರಿಕಿರಿ. ಒಂದು ನಿಮಿಷದಲ್ಲಿ ಮಗುವಿನ ಭುಜ ನೋಡಿದರೆ ತಿಳಿಯುತ್ತದೆ, ಮೇಲಕ್ಕೆ ಸೆಟೆದರೆ ನಿಲ್ಲಿಸಿ. ಅದು ಒಗ್ಗಿದ ಮೇಲೆ ಉದ್ದ ಕೊಳಲಿನ ಮಂದ್ರದ (ಕೆಳಸ್ಥಾಯಿಯ) ಆಲಾಪ, ಆಮೇಲೆ ವೀಣೆ. ವೀಣೆಯಲ್ಲೂ ಮೀಟು ಮೃದುವಾಗಿರಬೇಕು. ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರ್ ಅವರ ಬಾನಿಯ ವಾದನ ಇದಕ್ಕೆ ಒಪ್ಪುತ್ತದೆ. ಹಾಡುಗಾರಿಕೆಯಾದರೆ ಪಕ್ಕವಾದ್ಯವಿಲ್ಲದ ಒಂಟಿ ದನಿ ಸಾಕು. ಎಲ್ಲಕ್ಕಿಂತ ಮುಂಚೆ ನೀವೇ ಮೆಲ್ಲಗೆ ಹೇಳುವ ಜೋಗುಳವನ್ನು ಪ್ರಯತ್ನಿಸಿ. ಮಗುವಿನ ಮುಖ ನೋಡಿ ದನಿ ತಗ್ಗಿಸುವ ವಾದ್ಯ ಬೇರೆ ಯಾವುದೂ ಇಲ್ಲ.

ಬಹಳಷ್ಟು ಜನ ಎಡವುವುದು ಒಂದು ಕಡೆ. ಮೊದಲ ಹತ್ತು ನಿಮಿಷ ಕೇಳಿ 'ಮೆತ್ತಗಿದೆ' ಎಂದು ಹಾಕಿ ಒಳಗೆ ಹೋಗುತ್ತಾರೆ. ಹಿಂದೂಸ್ತಾನಿಯಲ್ಲಿ ನಿಧಾನದ ವಿಲಂಬಿತ ಮುಗಿದು ವೇಗದ ದ್ರುತಕ್ಕೆ ಬಂದಾಗ, ಸಿತಾರಿನಲ್ಲಿ ತಂತಿಯನ್ನು ಬಿರುಸಾಗಿ ಮೀಟುವ ಝಾಲಾ ಶುರುವಾದಾಗ, ಕರ್ನಾಟಕ ಕಛೇರಿಯಲ್ಲಿ ತಾಳವಾದ್ಯವೊಂದೇ ನುಡಿಯುವ ತನಿ ಆವರ್ತನ ಬಂದಾಗ ಸದ್ದಿನ ಸ್ವಭಾವವೇ ಬದಲಾಗುತ್ತದೆ. ಪೂರ್ತಿ ಕೇಳಿ, ಬೇಕಾದಷ್ಟನ್ನೇ ಕತ್ತರಿಸಿ ಇಟ್ಟುಕೊಳ್ಳಿ. ಸಭೆಯಲ್ಲಿ ಮುದ್ರಿಸಿದ್ದನ್ನು ಬಿಟ್ಟು ಸ್ಟುಡಿಯೋದಲ್ಲಿ ಮುದ್ರಿಸಿದ್ದನ್ನೇ ತೆಗೆದುಕೊಳ್ಳಿ. ಎಷ್ಟೋ ಮಕ್ಕಳನ್ನು ಬೆಚ್ಚಿಬೀಳಿಸುವುದು ಸಂಗೀತ ಅಲ್ಲ, ಕೊನೆಯ ಚಪ್ಪಾಳೆ. ಆಟೋಪ್ಲೇ ಕೂಡ ಆಫ್ ಮಾಡಿ. ಆಲಾಪದ ಬೆನ್ನಿಗೆ ಜಾಹೀರಾತು ಸಿಡಿದರೆ ವಾರದ ಕೆಲಸ ಹಾಳು, ಆದ್ದರಿಂದ ಡೌನ್‌ಲೋಡ್ ಮಾಡಿಕೊಂಡ ಫೈಲ್ ಒಳ್ಳೆಯದು.

ಹಾಕುವ ಕ್ರಮ ಹೀಗಿರಲಿ. ಸ್ವಲ್ಪ ದೊಡ್ಡ ಸ್ಪೀಕರನ್ನು ಮಗುವಿನಿಂದ ಎರಡು ಮೂರು ಮೀಟರ್ ದೂರದಲ್ಲಿ, ಗೋಡೆಯ ಮೂಲೆ ಬಿಟ್ಟು ಇಡಿ. ಅದು ನುಡಿಯುತ್ತಿರುವಾಗ ದನಿ ಏರಿಸದೆ ಮಾತಾಡಲು ಆಗಬೇಕು, ಕಿವಿಯ ಹತ್ತಿರ ಸುಮಾರು 50 ಡೆಸಿಬಲ್. ಮೊಬೈಲ್ ಆ್ಯಪ್ ತೋರಿಸುವ ಅಂಕಿ ಅಂದಾಜು ಅಷ್ಟೇ, ಆದರೆ ನಿನ್ನೆಗೂ ಇವತ್ತಿಗೂ ಹೋಲಿಸಲು ಸಾಕು. 'ಈಗ ಹಾಡು ಬರುತ್ತೆ' ಎಂದು ಹೇಳಿ, ಒಂದು ಎರಡು ಮೂರು ಎಣಿಸಿ, ವಾಲ್ಯೂಮ್ ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಗುಂಡಿ ಮಗುವಿನ ಕೈಯಲ್ಲೇ ಇರಲಿ. ಮಾತು ಕಡಿಮೆ ಇದ್ದರೆ ಕೆಂಪು ಕಾರ್ಡ್ ಕೊಡಿ, ಅದನ್ನು ಎತ್ತಿದ ಕ್ಷಣ ಸದ್ದು ನಿಲ್ಲಬೇಕು. ಒಂದು ಸಲವೂ 'ಇನ್ನೊಂದ್ ನಿಮಿಷ ಇರು ಪುಟ್ಟಾ' ಅನ್ನಬೇಡಿ. ನಿಲ್ಲಿಸಬಹುದು ಎಂಬ ನಂಬಿಕೆ ಬಂದ ಮೇಲೆಯೇ ಅವನು ಕೂತು ಕೇಳುವುದು. ದಿನಕ್ಕೆ ಐದು ನಿಮಿಷ, ಅದೇ ಹೊತ್ತು, ಅದೇ ತುಣುಕು. ಮೊದಲು ಅವಧಿ ಹೆಚ್ಚಿಸಿ, ಆಮೇಲೆ ವಾರಕ್ಕೆ ಒಂದು ಗೆರೆ ವಾಲ್ಯೂಮ್, ಆಮೇಲೆ ಹೊಸ ವಾದ್ಯ. ಎರಡನ್ನು ಒಟ್ಟಿಗೆ ಬದಲಿಸಬೇಡಿ. ತೊಂದರೆಯಾದರೆ ಹಿಂದಿನ ಹಂತಕ್ಕೆ ಮರಳಿ.

ಕಿವಿ ಮುಚ್ಚುವ ಇಯರ್‌ಮಫ್ ಕುಕ್ಕರ್ ಹೊತ್ತಿಗೆ, ದೀಪಾವಳಿ ಪಟಾಕಿಗೆ, ಮಂಗಳಾರತಿಯಲ್ಲಿ ಕರೆಂಟಿನ ನಗಾರಿ ಯಂತ್ರ ಬಡಿಯುವಾಗ ಇರಲಿ. ಸದ್ದು ಮುಗಿದ ಮೇಲೆ ತೆಗೆಸಿ. ದಿನವಿಡೀ ಹಾಕಿದರೆ ಮಿದುಳು ಒಳಗಿನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಆಮೇಲೆ ಫ್ಯಾನಿನ ಸದ್ದೂ ದೊಡ್ಡದಾಗುತ್ತದೆ. ಗಿರಣಿಯ ಮುಂದೆಯೂ ಬಹಳ ಹೊತ್ತು ನಿಲ್ಲಿಸಬೇಡಿ. ಅವನಿಗೆ ಇಷ್ಟವಾದರೂ ಕಿವಿಗೆ ಅದು ಜೋರೇ. ಈವರೆಗೆ ಶ್ರವಣ ಪರೀಕ್ಷೆ ಮಾಡಿಸಿಲ್ಲವಾದರೆ ಮಾಡಿಸಿ. ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಾಡದ ಮಕ್ಕಳಿಗೂ ಪರೀಕ್ಷೆಯ ವ್ಯವಸ್ಥೆ ಇದೆ.

ಮಾವನವರಿಗೆ 72 ವರ್ಷ. ಆಕಾಶವಾಣಿ ಮೆತ್ತಗಿಟ್ಟರೆ ಕೇಳಿಸುವುದಿಲ್ಲ ಅನ್ನುತ್ತಾರೆ, ಸ್ವಲ್ಪ ಏರಿಸಿದರೆ 'ಯಾಕಮ್ಮಾ ಇಷ್ಟು ಜೋರು' ಎಂದು ಮುಖ ಹಿಂಡುತ್ತಾರೆ. ಶ್ರವಣಯಂತ್ರ ಹಾಕಿಕೊಂಡು ಕೊಳಲು ಕೇಳಿದರೆ ಸ್ವರ ನಡುಗುತ್ತದಂತೆ. ಯಂತ್ರ ಕೆಟ್ಟಿದೆಯೇ?
– ಸೊಸೆ, ಶಿವಮೊಗ್ಗ

ಯಂತ್ರ ಕೆಟ್ಟಿಲ್ಲ, ಮಾವನವರೂ ಸುಮ್ಮನೆ ಗೊಣಗುತ್ತಿಲ್ಲ. ವಯಸ್ಸಾದಂತೆ ಒಳಕಿವಿಯಲ್ಲಿ ಮೊದಲು ಸಾಯುವುದು ಸಣ್ಣ ಸದ್ದನ್ನು ಹಿಗ್ಗಿಸಿ ಕೊಡುವ ಕೂದಲುಕೋಶಗಳು. ಆಗ ಕೇಳಿಸುವ ಕೆಳಮಿತಿ ಮೇಲೇರುತ್ತದೆ, ನೋಯಿಸುವ ಮೇಲ್ಮಿತಿ ಇದ್ದಲ್ಲೇ ಉಳಿಯುತ್ತದೆ. ಸದ್ದು ಕೇಳಿಸಲು ಶುರುವಾಗುವುದು 50 ಡೆಸಿಬಲ್‌ನಲ್ಲಿ, ತಡೆಯಲಾಗದ್ದು 90ರಲ್ಲಿ ಎಂದಿಟ್ಟುಕೊಳ್ಳಿ. ಇಡೀ ಸಂಗೀತವನ್ನು ನಡುವಿನ 40ರೊಳಗೆ ತುರುಕಬೇಕು. ಅದಕ್ಕೇ ರೇಡಿಯೋದ ಗುಂಡಿ ಒಂದು ಚೂರು ತಿರುಗಿದರೂ ಇಲ್ಲದ್ದು ಒಮ್ಮೆಲೇ ಅತಿಯಾಗುತ್ತದೆ.

ಸ್ವರ ನಡುಗುವುದಕ್ಕೆ ಕಾರಣ ಬೇರೆ. ಶ್ರವಣಯಂತ್ರ ಕುಂಯ್‌ಗುಡುವುದನ್ನು ತಡೆಯಲು ಅದರೊಳಗೆ ಒಂದು ವ್ಯವಸ್ಥೆ ಇರುತ್ತದೆ. ಕೊಳಲಿನ ನೀಳ ಸ್ವರ ಅದಕ್ಕೆ ತನ್ನದೇ ಕುಂಯ್‌ನಂತೆ ಕಾಣಿಸಿ, ಅದನ್ನು ಅಳಿಸಲು ಹೋಗಿ ಸ್ವರವನ್ನು ಅಲುಗಾಡಿಸುತ್ತದೆ. ಗದ್ದಲ ತಗ್ಗಿಸುವ ವ್ಯವಸ್ಥೆ ತಂಬೂರಿಯನ್ನು ಫ್ಯಾನಿನ ಸದ್ದು ಎಂದೇ ತಿಳಿದು ನುಂಗುತ್ತದೆ. ಎರಡೂ ಮಾತಿಗಾಗಿ ಮಾಡಿದ್ದು, ಸಂಗೀತಕ್ಕಲ್ಲ. ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಬಳಿ ಹೋಗಿ ಸಂಗೀತಕ್ಕೆ ಪ್ರತ್ಯೇಕ ಪ್ರೋಗ್ರಾಂ ಹಾಕಿಸಿ: ಕುಂಯ್ ತಡೆ ಆಫ್ ಅಥವಾ ತೀರಾ ಕಡಿಮೆ, ಗದ್ದಲ ತಡೆ ಆಫ್, ಮೈಕ್ ಎಲ್ಲ ದಿಕ್ಕಿಗೂ ತೆರೆದಿರಬೇಕು, ಯಂತ್ರ ಹೊರಡಿಸುವ ಗರಿಷ್ಠ ಸದ್ದು ಮಾವನವರ ನೋವಿನ ಮಿತಿಯೊಳಗಿರಬೇಕು. ಆ ಮಿತಿಯನ್ನು ಅಳತೆ ಮಾಡಿಯೇ ಹಾಕಲು ಹೇಳಿ, ಅಂದಾಜಿನಲ್ಲಿ ಬೇಡ. ಅವರಿಗೆ ಇಷ್ಟವಾದ ಕೊಳಲನ್ನು ಮೊಬೈಲಿನಲ್ಲಿ ಒಯ್ದು ಅಲ್ಲಿಯೇ ಕೇಳಿಸಿ ಸರಿಮಾಡಿಸಿ.

ಮನೆಯಲ್ಲಿ ವಾಲ್ಯೂಮ್ ಏರಿಸುವ ಬದಲು ಸ್ಪೀಕರನ್ನೇ ಅವರ ಕುರ್ಚಿಯಿಂದ ಒಂದು ಮೀಟರಿಗೆ ತನ್ನಿ. ಏರಿಳಿತ ತಗ್ಗಿಸುವ ಸೌಲಭ್ಯ ಎಲ್ಲ ಕಡೆ ಇದೆ: ಯೂಟ್ಯೂಬಿನಲ್ಲಿ ಸ್ಟೇಬಲ್ ವಾಲ್ಯೂಮ್, ಐಫೋನಿನ ಮ್ಯೂಸಿಕ್ ಸೆಟ್ಟಿಂಗ್‌ನ ಈಕ್ವಲೈಜರ್‌ನಲ್ಲಿ ಲೇಟ್ ನೈಟ್, ಅನೇಕ ಟಿವಿಗಳಲ್ಲಿ ನೈಟ್ ಮೋಡ್. ಸಂಗೀತ ರಸಿಕರು ಇದನ್ನು ಒಪ್ಪುವುದಿಲ್ಲ, ಪಿಸುದನಿಯೂ ಗಟ್ಟಿದನಿಯೂ ಒಂದೇ ಮಟ್ಟಕ್ಕೆ ಬರುತ್ತವೆ ಎನ್ನುತ್ತಾರೆ. ಮಾವನವರ ಕಿವಿಗೆ ಬೇಕಾಗಿರುವುದು ಅದೇ.

ಅಪ್ಪ ಕಾಫಿ ಸೊರ್ ಎಂದು ಹೀರಿದರೆ, ತಮ್ಮ ಹಪ್ಪಳ ಮುರಿದರೆ ಮೈಯೆಲ್ಲ ಉರಿಯುತ್ತದೆ. ಇಯರ್‌ಫೋನ್ ಹಾಕಿಕೊಂಡೇ ಊಟ ಮಾಡುತ್ತೇನೆ. ಇದಕ್ಕೆ ಮೆತ್ತನೆಯ ಸಂಗೀತ ಸಾಕಾಗುತ್ತಿಲ್ಲ.
– ಓದುಗರು, ಬೆಂಗಳೂರು

ಇದು ಮಿಸೊಫೋನಿಯಾ. ಇಲ್ಲಿ ಸದ್ದು ಎಷ್ಟು ದೊಡ್ಡದು ಎನ್ನುವುದು ಮುಖ್ಯವಲ್ಲ, ಯಾವ ಸದ್ದು, ಯಾರದು ಎನ್ನುವುದು ಮುಖ್ಯ. ಆದ್ದರಿಂದ ಒಂದು ಸದ್ದನ್ನು ಇನ್ನೊಂದರಿಂದ ಮುಳುಗಿಸಲು ಹೋದರೆ ವಾಲ್ಯೂಮ್ ಏರುತ್ತಲೇ ಹೋಗುತ್ತದೆ. ದೊಡ್ಡವರ ಕಿವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತದೆ. ಇಯರ್‌ಫೋನ್ ಬಿಟ್ಟು, ಊಟದ ಕೋಣೆಯಲ್ಲೇ ಎಲ್ಲರಿಗೂ ಕೇಳುವಂತೆ ತಂಬೂರಿ ಅಥವಾ ಮಳೆಯ ಸದ್ದನ್ನು ಮಾತಿಗಿಂತ ಕೆಳಗಿನ ಮಟ್ಟದಲ್ಲಿ ಇಡಿ. ಹಪ್ಪಳದ ಸದ್ದು ಪೂರ್ತಿ ಮುಚ್ಚುವುದು ಬೇಡ, ಅದರ ಮೊನೆ ಮಂಡಾದರೆ ಸಾಕು. ಅಪ್ಪನ ಎದುರು ಕೂರುವ ಬದಲು ಪಕ್ಕದಲ್ಲಿ ಕೂರಿ. ಹೀರುವುದು ಕಣ್ಣಿಗೆ ಕಾಣದಿದ್ದರೆ ಅರ್ಧ ಉರಿ ಇಳಿಯುತ್ತದೆ ಎಂದು ಹೇಳುವವರು ಬಹಳ. ಊಟವನ್ನೇ ಬೇರೆ ಮಾಡುವ ಮಟ್ಟಕ್ಕೆ ಬಂದಿದ್ದರೆ ವರ್ತನಾ ಚಿಕಿತ್ಸೆ ಬಲ್ಲ ಮನಶ್ಶಾಸ್ತ್ರಜ್ಞರನ್ನು ಕಾಣಿ.

ಫೆಬ್ರವರಿಯಲ್ಲಿ ಮಗನ ಮದುವೆ. ಸೊಸೆಯಾಗಿ ಬರುವ ಹುಡುಗಿಗೆ ಹೈಪರಕ್ಯೂಸಿಸ್ ಇದೆ, ಜೋರು ಸದ್ದಿಗೆ ಕಿವಿ ನೋವು ಬಂದು ಗಂಟೆಗಟ್ಟಲೆ ಹೋಗುವುದಿಲ್ಲ. ವಾಲಗವಿಲ್ಲದ ಮದುವೆಗೆ ನಮ್ಮ ಅಣ್ಣಂದಿರು ಒಪ್ಪುತ್ತಿಲ್ಲ. ಏನು ಮಾಡಬಹುದು?
– ವರನ ತಾಯಿ, ತುಮಕೂರು

ವಾಲಗವೂ ಇರಲಿ, ಹುಡುಗಿಗೆ ನೋವೂ ಆಗದಿರಲಿ. ಎರಡೂ ಸಾಧ್ಯ, ಆದರೆ ಮಂಟಪಕ್ಕೆ ಹೋದ ಮೇಲೆ ಅಲ್ಲ, ವಾಲಗದವರಿಗೆ ಮುಂಗಡ ಕೊಡುವ ದಿನವೇ ಮಾತಾಡಬೇಕು.

ಮೊದಲು ಎಲ್ಲಿ ನೋಯುತ್ತದೆ ಎಂದು ತಿಳಿಯೋಣ. ಎಲ್ಲರೂ ತಪ್ಪನ್ನು ನಾಗಸ್ವರದ ಮೇಲೆ ಹಾಕುತ್ತಾರೆ. ಅದು ಜೋರು ನಿಜ, ಆದರೆ ಎಳೆದು ಬರುವ ನಾದ. ಕಡಿಯುವುದು ಡೋಲು. ಬಲಗೈ ಬೆರಳಿಗೆ ಗಟ್ಟಿ ಕವಚ, ಎಡಗೈಯಲ್ಲಿ ಕೋಲು, ಬಿಗಿದ ಚರ್ಮ. ಒಂದೊಂದು ಪೆಟ್ಟೂ ಸ್ಟೇಪೀಡಿಯಸ್ ಬಿಗಿಯುವ ಮೊದಲೇ ಒಳಗೆ. ಇದಕ್ಕಿಂತ ಕೆಟ್ಟದ್ದು ಪುರೋಹಿತರ ಕೊರಳಲ್ಲಿರುವ ಮೈಕ್. ಮಂತ್ರಕ್ಕೆಂದು ಹಾಕಿದ ಆ ಮೈಕ್ ಹತ್ತಡಿ ದೂರದ ಡೋಲನ್ನೂ ಎಳೆದುಕೊಂಡು ಹಾಲಿನ ಎಲ್ಲ ಸ್ಪೀಕರುಗಳಿಂದ ಹೊರಗೆ ಎಸೆಯುತ್ತದೆ. ಬಹಳ ಮದುವೆಗಳಲ್ಲಿ ತಲೆ ಸಿಡಿಯುವುದು ವಾಲಗದಿಂದಲ್ಲ, ಮೈಕಿಗೆ ಬಿದ್ದ ವಾಲಗದಿಂದ. ಧ್ವನಿವರ್ಧಕದವರಿಗೆ ಎರಡು ಮಾತು ಬರೆದು ಕೊಡಿ: ವಾಲಗಕ್ಕೆ ಮೈಕ್ ಇಲ್ಲ, ಗಟ್ಟಿಮೇಳದ ಹೊತ್ತಿಗೆ ಪುರೋಹಿತರ ಮೈಕ್ ಬಂದ್. ಸ್ಪೀಕರುಗಳು ಮಂಟಪದ ಮುಂದೆ, ಜನರ ಕಡೆಗೆ ತಿರುಗಿರಲಿ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಬಿದ್ದರೆ ಕೀಂ ಎಂದು ಕೂಗಿಕೊಳ್ಳುತ್ತದೆ, ಆ ಒಂದು ಕೂಗು ಸಾಕು ಹುಡುಗಿಯ ದಿನ ಕೆಡಿಸಲು. ಬೆಳಿಗ್ಗೆ ಜನ ಬರುವ ಮೊದಲೇ ಪರೀಕ್ಷಿಸಿ ಆ ಮಟ್ಟಕ್ಕೆ ಗುರುತು ಹಾಕಿಸಿ.

ವಾಲಗದವರ ಜಾಗ: ಬಯಲಲ್ಲಾದರೆ ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬಲ್ ಇಳಿಯುತ್ತದೆ. ಕಲ್ಯಾಣ ಮಂಟಪದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಗ್ರಾನೈಟ್ ನೆಲ, ಬರಿಗೋಡೆ, ಎತ್ತರದ ಚಾವಣಿ ಸೇರಿ ಐದಾರು ಮೀಟರ್ ಆಚೆಗೆ ಎಲ್ಲಿ ನಿಂತರೂ ಒಂದೇ ಗದ್ದಲ. ಆದ್ದರಿಂದ ಅವರನ್ನು ಹಾಲಿನ ಹಿಂದಿನ ಸಾಲಿಗೆ ಕಳಿಸಿ ಪ್ರಯೋಜನವಿಲ್ಲ. ಬಾಗಿಲಾಚೆಯ ಮೊಗಸಾಲೆಯಲ್ಲಿ, ನಾಗಸ್ವರದ ಬಾಯಿ ಅಂಗಳದ ಕಡೆಗೆ ಇರುವಂತೆ ಕೂರಿಸಿ. ಬರುವ ನೆಂಟರನ್ನು ಎದುರುಗೊಳ್ಳಲು ಅದೇ ಸರಿಯಾದ ಜಾಗವೂ ಹೌದು, ಅಣ್ಣಂದಿರಿಗೆ ಹಾಗೆಯೇ ಹೇಳಿ. ತಂಡದಲ್ಲಿ ಎರಡು ಡೋಲು ಇರುವ ಕಡೆ ಒಂದು ಸಾಕು ಎಂದು ಕೇಳಿಕೊಳ್ಳಿ. ನಿಧಾನದ ಕೃತಿಗಳನ್ನು ನುಡಿಸುವಂತೆ ಗೌರವದಿಂದ ಕೇಳಿದರೆ ಕಲಾವಿದರು ಸಂತೋಷದಿಂದ ನುಡಿಸುತ್ತಾರೆ. ಸಿನಿಮಾ ಹಾಡಿಗೆ ದುಡ್ಡು ಅಂಟಿಸುವ ಜನ ಇರುವಾಗ ಅವರಿಗೆ ಆ ಅವಕಾಶ ಸಿಗುವುದೇ ಅಪರೂಪ.

ಗಟ್ಟಿಮೇಳ ಮಾತ್ರ ಬಿಡಲಾಗದು, ಮಾಂಗಲ್ಯಧಾರಣೆಯ ಹೊತ್ತಿಗೆ ಅಪಶಬ್ದ ಕಿವಿಗೆ ಬೀಳಬಾರದೆಂದೇ ಅದು. ಅದಕ್ಕೆ ಹುಡುಗಿ ಸಂಗೀತಗಾರರು ಬಳಸುವ ಇಯರ್‌ಪ್ಲಗ್ ಹಾಕಿಕೊಳ್ಳಲಿ. ಇದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ 15ರಿಂದ 20 ಡೆಸಿಬಲ್ ಇಳಿಸುತ್ತದೆ, ಮಂತ್ರ ಸ್ಪಷ್ಟವಾಗಿ ಕೇಳುತ್ತದೆ. ಸ್ಪಂಜಿನ ಅಗ್ಗದ ಪ್ಲಗ್ ಮೇಲಿನ ಸ್ವರಗಳನ್ನೇ ಹೆಚ್ಚು ನುಂಗಿ ಮಾತನ್ನು ಮಸುಕು ಮಾಡುತ್ತದೆ, ತನ್ನ ದನಿಯೇ ತಲೆಯೊಳಗೆ ಗುಂಯ್ ಅನ್ನುತ್ತದೆ. ಎರಡು ವಾರ ಮುಂಚೆ ತರಿಸಿ, ಮನೆಯಲ್ಲಿ ಹತ್ತಿಪ್ಪತ್ತು ನಿಮಿಷ ಹಾಕಿ ಅಭ್ಯಾಸ ಮಾಡಲಿ. ಮಲ್ಲಿಗೆ ದಂಡೆ, ಬಾಸಿಂಗ ಇರುವಾಗ ಅದು ಯಾರಿಗೂ ಕಾಣುವುದಿಲ್ಲ. ಪುರೋಹಿತರು 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೂಗುವುದು ಅವಳಿಗೆ ತೀರ ತಡವಾದ ಸೂಚನೆ. ಹಿಂದೆ ನಿಂತ ತಂಗಿಯೋ ಅತ್ತಿಗೆಯೋ ಐದು ನಿಮಿಷ ಮುಂಚೆ ಭುಜ ಮುಟ್ಟಿ ಪ್ಲಗ್ ಹಾಕಿಸಲಿ, ಕೂಗುವ ಹೊತ್ತಿಗೆ ಕೈ ಒತ್ತಲಿ. ಬರುತ್ತದೆಂದು ಗೊತ್ತಿರುವ ಸದ್ದು ಅರ್ಧದಷ್ಟೂ ಬೆಚ್ಚಿಸುವುದಿಲ್ಲ. ಆರತಕ್ಷತೆಗೆ ಆರ್ಕೆಸ್ಟ್ರಾ ಬದಲು ಮೈಕಿಲ್ಲದ ವೀಣೆ, ಕೊಳಲು. ದಿಬ್ಬಣದ ಪಟಾಕಿ ಬೇಡವೇ ಬೇಡ.

ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. 11 ವರ್ಷದ ಒಬ್ಬ ವಿದ್ಯಾರ್ಥಿನಿಗೆ ಒಳ್ಳೆಯ ಸ್ವರಜ್ಞಾನ ಇದೆ, ಆದರೆ ಹಾರ್ಮೋನಿಯಂ, ತಬಲಾ ಶುರುವಾದರೆ ಅಳುತ್ತಾಳೆ. ಪಾಠ ಹೇಗೆ ಮುಂದುವರಿಸಲಿ?
– ಸಂಗೀತ ಶಿಕ್ಷಕರು, ಧಾರವಾಡ

ಪಾಠ ನಿಲ್ಲಿಸಬೇಡಿ ಸರ್. ಧ್ವನಿ ಸೂಕ್ಷ್ಮತೆ ಇರುವವರಿಗೆ ತಮ್ಮದೇ ದನಿ ಸಾಮಾನ್ಯವಾಗಿ ನೋಯಿಸುವುದಿಲ್ಲ. ಅದು ಯಾವಾಗ ಶುರು, ಎಷ್ಟು ಜೋರು ಎಂಬುದು ಅವರ ಕೈಯಲ್ಲೇ ಇರುತ್ತದೆ. ನಿಮ್ಮ ಪದ್ಧತಿಯಲ್ಲೇ ಔಷಧಿ ಇದೆ: ಖರ್ಜ ಸಾಧನೆ, ಅಂದರೆ ಕೆಳಗಿನ ಸ್ವರಗಳನ್ನು ನೀಳವಾಗಿ ಹಿಡಿಯುವ ಅಭ್ಯಾಸ. ಮೊದಲ ತಿಂಗಳು ತಂಬೂರಿಯ ಜೊತೆ ಬಾಯಿ ಮುಚ್ಚಿ ಗುನುಗುವುದು, ಆಮೇಲೆ ಮಧ್ಯ ಷಡ್ಜದಿಂದ ಮಂದ್ರಕ್ಕೆ, ಅವಳ ಕಂಠಕ್ಕೆ ಎಟುಕುವಷ್ಟೇ, ಹತ್ತು ನಿಮಿಷ. ಐದು ಮನೆಯ ಮಧ್ಯ ಷಡ್ಜ ಸುಮಾರು 196 ಹರ್ಟ್ಝ್, ತಾರ ಷಡ್ಜ 392. ಅದನ್ನು ಎದೆತುಂಬಿ ಹಾಡಿದಾಗ ಅದರ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು ಕಿವಿ ಚುರುಕಾಗಿರುವ 3000ದ ಪ್ರದೇಶಕ್ಕೆ ಬಲವಾಗಿ ಮುಟ್ಟುತ್ತವೆ. ಮೇಲಿನ ಸಪ್ತಕಕ್ಕೆ ಅವಸರ ಬೇಡ.

ಹಾರ್ಮೋನಿಯಂನಲ್ಲಿ ಎರಡು ಮೂರು ಸಾಲು ರೀಡ್ ಒಟ್ಟಿಗೆ ನುಡಿದು ದನಿ ಒರಟಾಗುತ್ತದೆ. ಕೆಳ ಸಪ್ತಕದ ಒಂದೇ ಸಾಲು ತೆರೆದಿಡಿ, ಮೇಲಿನ ಮುಚ್ಚಳ ಹಾಕಿ, ಗಾಳಿ ತುಂಬುವ ತಿದಿಯನ್ನು ಮೆಲ್ಲಗೆ ಒತ್ತಿ. ಹುಡುಗಿ ನಿಮ್ಮ ಎದುರಿಗಲ್ಲ, ಪಕ್ಕಕ್ಕೆ ಕೂರಲಿ. ತಬಲಾದಲ್ಲಿ ತೊಂದರೆ ಎಡಗೈಯ ಡಗ್ಗಾದ್ದಲ್ಲ, ಬಲಗೈಯ ದಾಯಾದ 'ನಾ' ಅಕ್ಷರದ್ದು. ಚಿಕ್ಕ ಬಾಯಿಯ ದಾಯಾ ಬದಲು ದೊಡ್ಡ ಬಾಯಿಯದನ್ನು, ಕೆಳ ಶ್ರುತಿಗೆ ಇಳಿಸಿ ಬಳಸಿ. ಅದಕ್ಕೂ ಮೊದಲು ಆರು ವಾರ ಕೈಯಲ್ಲೇ ತಾಳ ಹಾಕಿಸಿ, ಚಪ್ಪಾಳೆ ಬೇಡ, ತೊಡೆಯ ಮೇಲೆ. ಮೊಬೈಲಿನ ಮೆಟ್ರೋನೋಮ್ ಟಿಕ್ ಟಿಕ್ ಎನ್ನುವುದು ತಬಲಾಕ್ಕಿಂತ ಕೆಟ್ಟದ್ದು, ತೆಗೆದಿಡಿ. ತಬಲಾ ತರುವ ದಿನ ಅವಳೇ ಮೊದಲು ಬೆರಳಿಂದ ಡಗ್ಗಾ ಮುಟ್ಟಿ ನುಡಿಸಲಿ, ಆಮೇಲೆ ನೀವು.

ಕೋಣೆಯನ್ನೂ ನೋಡಿ. ಟೈಲ್ಸ್ ನೆಲದ ಖಾಲಿ ಕೋಣೆಯಲ್ಲಿ ಪ್ರತಿ ಪೆಟ್ಟೂ ಎರಡು ಸಲ ಕೇಳುತ್ತದೆ. ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಹಿಂದಿನ ಗೋಡೆಗೆ ಎರಡು ಕೌದಿ ತೂಗುಬಿಡಿ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಟ್ಟು ತೂಗಿದರೆ ಇನ್ನೂ ಚೆನ್ನಾಗಿ ಹೀರುತ್ತದೆ. ಖರ್ಚಿಲ್ಲದ ಈ ಕೆಲಸದಿಂದ ಉಳಿದ ಮಕ್ಕಳ ಶ್ರುತಿಯೂ ಸುಧಾರಿಸುತ್ತದೆ.

ಮೈಗ್ರೇನ್ ಬಂದಾಗ ಯಾವ ರಾಗ ಕೇಳಬೇಕು?
– ಗೃಹಿಣಿ, ಹಾಸನ

ಬಂದಾಗ ಯಾವುದೂ ಬೇಡಮ್ಮ. ಬೆಳಕು, ಸದ್ದು ಎರಡೂ ತಡೆಯದಿರುವುದು ಆ ಕಾಯಿಲೆಯ ಲಕ್ಷಣವೇ. ಕತ್ತಲು, ಮೌನ, ವೈದ್ಯರು ಕೊಟ್ಟ ಮಾತ್ರೆ ಅಷ್ಟೇ ಸಾಕು. ಸಂಗೀತ ಇರಲಿ ನೋವಿಲ್ಲದ ದಿನಗಳಿಗೆ, ನಿದ್ದೆಗೆ ಮುನ್ನ ಇಪ್ಪತ್ತು ನಿಮಿಷ, ಟ್ರೆಬಲ್ (ಮೇಲಿನ ಚೂಪು ಸದ್ದಿನ ಮಟ್ಟ) ತಗ್ಗಿಸಿ, ಫೋನಿನ ನೋಟಿಫಿಕೇಶನ್ ಸದ್ದು ಬಂದ್ ಮಾಡಿ. ಕಿವಿಯ ಸೂಕ್ಷ್ಮತೆ ಹೊಸದಾಗಿ, ಒಂದೇ ಬದಿಯಲ್ಲಿ ಬಂದಿದ್ದರೆ, ಅದರ ಜೊತೆ ಮುಖದ ಒಂದು ಕಡೆ ಜೋತುಬಿದ್ದರೆ ಅದು ಮೈಗ್ರೇನ್ ಎಂದು ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಮುಖದ ನರವೇ ಸ್ಟೇಪೀಡಿಯಸ್ ಸ್ನಾಯುವನ್ನೂ ಆಡಿಸುವುದರಿಂದ ಅದು ಸೋತಾಗ ಕಿವಿಯ ಕಾವಲೂ ಹೋಗುತ್ತದೆ. ಪಾರ್ಶ್ವವಾಯುವಿನಲ್ಲೂ ಮುಖ ಹೀಗೆಯೇ ಜೋತುಬೀಳಬಹುದು.

ಅಮ್ಮನಿಗೆ ಹಳೆಯ ಗ್ರಾಮಫೋನ್ ಪ್ಲೇಟಿನ ಹಾಡುಗಳೆಂದರೆ ಪ್ರಾಣ. ಈಗ ಅದರ ಚಟಪಟ ಸದ್ದು ಕಿವಿಗೆ ಚುಚ್ಚುತ್ತದೆ ಎಂದು ಕೇಳುವುದನ್ನೇ ಬಿಟ್ಟಿದ್ದಾರೆ. ಮನೆಯಲ್ಲೇ ಸರಿಪಡಿಸಬಹುದೇ?
– ಮಗಳು, ಉಡುಪಿ

ಸರಿಪಡಿಸಬಹುದು. ಪ್ಲೇಟಿನ ಹಾಡು ಮೊದಲು ಕಂಪ್ಯೂಟರಿನಲ್ಲಿ ಫೈಲಾಗಿ ಇರಬೇಕು. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದರ ಎಫೆಕ್ಟ್ ಪಟ್ಟಿಯಲ್ಲೇ ಎಲ್ಲ ಇದೆ. ಕ್ರಮ ತಪ್ಪಬಾರದು. ಮೊದಲು ಕ್ಲಿಕ್ ರಿಮೂವಲ್: ಚಟಪಟ ಎನ್ನುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದ ಪೆಟ್ಟು, ಅದನ್ನು ಉಳಿಸಿಕೊಂಡು ಮುಂದಿನದು ಮಾಡಿದರೆ ಪೆಟ್ಟು ಹರಡಿ ಕಲೆಯಾಗುತ್ತದೆ. ಎರಡನೆಯದು ನಾಯ್ಸ್ ರಿಡಕ್ಷನ್: ಹಾಡು ಶುರುವಾಗುವ ಮುಂಚಿನ ಬರಿ ಸುಸ್ಸೆನ್ನುವ ಒಂದು ಸೆಕೆಂಡ್ ಆರಿಸಿ ಮಾದರಿ ಕೊಡಿ, ಆಮೇಲೆ ಪೂರ್ತಿ ಹಾಡು ಆರಿಸಿ 6 ಡೆಸಿಬಲ್‌ನಷ್ಟು ಇಳಿಸಿ. ಆಸೆಗೆ ಬಿದ್ದು 20 ಮಾಡಿದರೆ ಗಾಯಕರು ನೀರೊಳಗಿಂದ ಹಾಡಿದಂತೆ ಕೇಳುತ್ತದೆ, ಅಮ್ಮನಿಗೆ ಅದು ಚಟಪಟಕ್ಕಿಂತ ಹಿಂಸೆ. ಮೂರನೆಯದು ಲೋ ಪಾಸ್ ಫಿಲ್ಟರ್ (ಒಂದು ಮಿತಿಗಿಂತ ಮೇಲಿನ ಸದ್ದನ್ನು ತಗ್ಗಿಸುವುದು), 6000 ಹರ್ಟ್ಝ್. ನಿಮಿಷಕ್ಕೆ 78 ಸುತ್ತಿನ ಪ್ಲೇಟಿನಲ್ಲಿ ಅದರ ಮೇಲೆ ಹಾಡು ಇರುವುದು ಬಹಳ ಕಡಿಮೆ, ಇರುವುದು ಮುಳ್ಳು ಉಜ್ಜಿದ ಸದ್ದೇ. ಇನ್ನೂ ಚುಚ್ಚುತ್ತದೆ ಎಂದರೆ 5000ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಹೋದರೆ ಸಾಹಿತ್ಯದ ಸ, ಶ ಅಕ್ಷರಗಳು ಅಳಿಸಿಹೋಗುತ್ತವೆ. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಶನ್ ಮಾಡಿ ಎಲ್ಲ ಹಾಡುಗಳನ್ನೂ ಮೈನಸ್ 23 LUFS (ಸದ್ದಿನ ಮಟ್ಟದ ಅಳತೆ) ಗೆ ತನ್ನಿ, ಒಂದು ಹಾಡಿನಿಂದ ಇನ್ನೊಂದಕ್ಕೆ ಹೋದಾಗ ಎದೆ ಝಲ್ ಅನ್ನುವುದು ತಪ್ಪುತ್ತದೆ. ಪ್ರತಿ ಹಾಡಿನ ಮೊದಲ ಐದು ಸೆಕೆಂಡಿಗೆ ಫೇಡ್ ಇನ್ ಹಾಕಿ. ಹಾಡು ನೇರವಾಗಿ ಪಲ್ಲವಿಯಿಂದಲೇ ಶುರುವಾದರೆ ಅದಕ್ಕೂ ಮೊದಲು ಐದು ಸೆಕೆಂಡ್ ತಂಬೂರಿ ಸೇರಿಸಿ ಅದಕ್ಕೆ ಫೇಡ್ ಮಾಡಿ, ಇಲ್ಲವಾದರೆ ಪಲ್ಲವಿಯ ಮೊದಲ ಮಾತು ಕೇಳದೆ ಹೋಗುತ್ತದೆ.

ಮೂಲ ಫೈಲಿನ ಮೇಲೆ ಕೈ ಹಾಕಬೇಡಿ, ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ. ಒಂದೇ ಹಾಡನ್ನು 5000, 6000, 7000ದ ಮೂರು ಬಗೆಯಲ್ಲಿ ಸಿದ್ಧಪಡಿಸಿ ಅಮ್ಮನಿಗೆ ಕೇಳಿಸಿ. ಅವರು ಆರಿಸಿದ ಅಂಕಿಯಲ್ಲೇ ಉಳಿದ ಹಾಡುಗಳನ್ನೆಲ್ಲ ಮಾಡಿ.